ಆ 9 ಕೋಣೆ ಮುಗಿಸಿದವರು ಯಾರು?

ಮಾನ್ಯರೇ,

ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಬಂಗಲೆಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬಿಳೀ ಕಂಬ, ಉದ್ದದ ಜಗಲಿ, ಮತ್ತೆ ಬಿಳೀ ಕಂಬ. ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಊರಿನ ಲಾಂಗ್‌ವುಡ್ ಮನೆಗೆ ಸಿಕ್ಕಿದ್ದು ಒಂದೇ ಸಾಲು, ಅದೂ 'ಪೂರ್ತಿಯಾಗದ ಮನೆ' ಅಂತ. ಮಗನ ಹತ್ತಿರ ಹೋಗಿದ್ದಾಗ ಅದನ್ನು ಕಣ್ಣಾರೆ ನೋಡಿದ್ದೇನೆ, ಸುಮ್ಮನಿರಲು ಆಗಲಿಲ್ಲ.

ಗುಲಾಮರಿಂದ ಹತ್ತಿ ಬೆಳೆಸಿ ಸಾಹುಕಾರನಾಗಿದ್ದ ಹಾಲರ್ ನಟ್ 1860ರಲ್ಲಿ ಶುರು ಮಾಡಿಸಿದ ಮನೆ ಅದು. ನಕ್ಷೆ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್ ಅವರದ್ದು. ಎಂಟು ಮೂಲೆ, ನೆತ್ತಿ ಮೇಲೆ ಈರುಳ್ಳಿಯಂಥ ಗುಮ್ಮಟ. ನೋಡಿದರೆ ನಗು ಬರುತ್ತದೆ, ಆದರೆ ಬರೀ ಶೋಕಿಗೆ ಮಾಡಿದ್ದಲ್ಲ. ಮನೆಯ ನಡುವೆ ಬಾವಿಯ ಹಾಗೆ ಮೇಲಿನತನಕ ಖಾಲಿ ಜಾಗ ಬಿಟ್ಟಿದ್ದಾರೆ. ಬಿಸಿ ಗಾಳಿ ಅದರಲ್ಲಿ ಏರಿ ಗುಮ್ಮಟದ ಕೆಳಗಿನ ಕಿಟಕಿಗಳಿಂದ ಆಚೆ ಹೋಗಬೇಕು, ಅಲ್ಲಿಂದಲೇ ಬೆಳಕನ್ನು ಕನ್ನಡಿಗಳ ಮೂಲಕ ಕೆಳಗಿಳಿಸಬೇಕು ಅನ್ನೋದು ಲೆಕ್ಕಾಚಾರ. ಮಿಸಿಸಿಪ್ಪಿಯ ಸೆಕೆಯಲ್ಲಿ ಒಂದು ಮಧ್ಯಾಹ್ನ ಬೆವೆತವರಿಗೆ ಇದು ಬೇಗ ಅರ್ಥವಾಗುತ್ತದೆ.

1861ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ. ಉತ್ತರದ ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸಗಾರರು ಅರ್ಧಕ್ಕೇ ಬಿಟ್ಟು ಊರಿಗೆ ಹೊರಟರು. 32 ಕೋಣೆಗಳಲ್ಲಿ ಮುಗಿದದ್ದು 9, ಅವೂ ನೆಲಮಾಳಿಗೆಯಲ್ಲಿ. 1864ರಲ್ಲಿ ನಟ್ ತೀರಿಕೊಂಡ ಮೇಲೆ ಹೆಂಡತಿ ಜೂಲಿಯಾ ಮಕ್ಕಳ ಜೊತೆ ಅಲ್ಲೇ ಬದುಕು ತಳ್ಳಿದರು, ತಲೆ ಮೇಲೆ ಅಷ್ಟು ದೊಡ್ಡ ಖಾಲಿ ಮನೆ ಇಟ್ಟುಕೊಂಡು. ಈಗಲೂ ಮೆಟ್ಟಿಲು ಹತ್ತಿದರೆ ಬೋಳು ಇಟ್ಟಿಗೆ, ಬರೀ ತೊಲೆ, ಆ ಕಾಲದ ಉಪಕರಣಗಳು. ನನಗಂತೂ ಕೆಳಗಿನ ಸಿಂಗಾರದ ಕೋಣೆಗಳಿಗಿಂತ ಇದೇ ಜಾಸ್ತಿ ಹಿಡಿಸಿತು. ಗಾರೆ ಬಳಿದಿದ್ದರೆ ಗೋಡೆ ಹೇಗೆ ಎದ್ದಿದೆ, ಯಾವ ತೊಲೆ ಎಲ್ಲಿ ಕೂತಿದೆ ಅಂತ ಕಾಣುತ್ತಿತ್ತಾ?

ಲೇಖನ ಬಿಟ್ಟ ಇನ್ನೊಂದು ಮಾತಿದೆ. ಕೆಲಸಗಾರರು ಹೋದ ಮೇಲೆ ಆ 9 ಕೋಣೆಗಳನ್ನು ಮುಗಿಸಿದವರಲ್ಲಿ ನಟ್‌ನ ಗುಲಾಮರೂ ಇದ್ದರು. ಫಿಲಡೆಲ್ಫಿಯಾದ ಬಡಗಿಗಳು ಗಂಟುಮೂಟೆ ಕಟ್ಟಬಹುದಿತ್ತು, ಕಟ್ಟಿದರು. ಇವರಿಗೆ ಹೊರಡುವ ಹಾಗಿರಲಿಲ್ಲ. ಮನೆಯ ವಾಸ್ತುಶಿಲ್ಪ ಅಂದಮೇಲೆ ಇದೂ ಸೇರಬೇಕು ಅಲ್ವಾ?

ಮುಂದಿನ ಸಲ ಈ ಮನೆಯ ಫೋಟೋ ಹಾಕುವುದಾದರೆ ಹೊರಗಿನ ಗುಮ್ಮಟ ಬೇಡ, ಮೇಲಂತಸ್ತಿನ ಆ ಬೋಳು ಗೋಡೆ ಹಾಕಿ.

— ಒಬ್ಬ ಓದುಗ, ಮೈಸೂರು