ಲೋಮನಾಳದ ಬಗ್ಗೆ ಬರೆಯಹೊರಟವರಿಗೆ

ಪ್ರಿಯರೆ,

ಧಮನಿಗೂ ಸಿರೆಗೂ ನಡುವಿನ ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಬಗ್ಗೆ ನಿಮ್ಮ ಲೇಖನದ ಕರಡು ಓದಿದೆ. ‘ನಾಳ ಕಿರಿದಾದ್ದರಿಂದ ರಕ್ತ ರಭಸದಿಂದ ನುಗ್ಗುತ್ತದೆ’ ಎಂದಿದ್ದೀರಿ. ನೀರಿನ ಪೈಪಿನ ಬಾಯಿ ಒತ್ತಿ ಹಿಡಿದಾಗ ಹಾಗಾಗುತ್ತದೆ. ಲೋಮನಾಳದಲ್ಲಿ ಆಗುವುದು ತದ್ವಿರುದ್ಧ. ಒಂದೊಂದರ ಅಗಲ 5ರಿಂದ 10 ಮೈಕ್ರೋಮೀಟರ್ ಮಾತ್ರ, ನಿಜ. ಆದರೆ ಕೋಟಿಗಟ್ಟಲೆ ನಾಳಗಳು ಅಕ್ಕಪಕ್ಕ ಕವಲೊಡೆದಿರುವುದರಿಂದ ಅವೆಲ್ಲವುಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ, ಹೃದಯದಿಂದ ಹೊರಡುವ ಮಹಾಪಧಮನಿಯ ವಿಸ್ತೀರ್ಣದ ಸುಮಾರು ಸಾವಿರ ಪಟ್ಟು. ಹೊಳೆ ಕೆರೆಗೆ ಸೇರಿದಾಗ ಆಗುವಂತೆ ವೇಗ ಕುಸಿಯುತ್ತದೆ: ಸೆಕೆಂಡಿಗೆ 30 ಸೆಂಟಿಮೀಟರಿನ ಆಸುಪಾಸಿನಿಂದ ಒಂದು ಮಿಲಿಮೀಟರಿಗೂ ಕೆಳಗೆ. ಲೇಖನದ ಜೀವ ಇರುವುದು ಈ ನಿಧಾನದಲ್ಲಿ. ಕೆಂಪು ರಕ್ತಕಣ ಮೈ ಬಾಗಿಸಿಕೊಂಡು ನಾಳ ದಾಟುವ 1ರಿಂದ 3 ಸೆಕೆಂಡಿನೊಳಗೆ ಕೊಡುಕೊಳ್ಳುವಿಕೆ ಮುಗಿಯಬೇಕು.

ಆಮ್ಲಜನಕವನ್ನು ರಕ್ತದೊತ್ತಡ ಹೊರದಬ್ಬುತ್ತದೆ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ತಾನಾಗಿ ಹರಡುತ್ತದೆ, ಅದೇ ವಿಸರಣೆ. ದೂರ ಎರಡು ಪಟ್ಟಾದರೆ ವಿಸರಣೆಗೆ ಹಿಡಿಯುವ ಸಮಯ ನಾಲ್ಕು ಪಟ್ಟು. ನಾಳದ ಗೋಡೆ ಒಂದೇ ಪದರ ಜೀವಕೋಶಗಳಷ್ಟು ತೆಳುವಾಗಿರುವುದು ಏಕೆಂದು ಓದುಗರಿಗೆ ಅಲ್ಲೇ ಹೊಳೆಯುತ್ತದೆ.

ಒತ್ತಡ ದಬ್ಬುವುದು ದ್ರವವನ್ನು. ಧಮನಿಯ ಕಡೆ ಅದು ಸುಮಾರು 35 ಮಿಲಿಮೀಟರ್ ಪಾದರಸ, ಸಿರೆಯ ಕಡೆ 15. ಪ್ರೋಟೀನುಗಳು, ಮುಖ್ಯವಾಗಿ ಆಲ್ಬುಮಿನ್, ನೀರನ್ನು ಒಳಗೆ ಹಿಡಿದಿಡುವ ಸೆಳೆತ ಸುಮಾರು 25. ಈ ಲೆಕ್ಕ ನೋಡಿ ‘ಮೊದಲ ಅರ್ಧದಲ್ಲಿ ಹೊರಕ್ಕೆ, ಉಳಿದರ್ಧದಲ್ಲಿ ಒಳಕ್ಕೆ’ ಎಂದು ಬರೆಯುವುದು ಸುಲಭ, ಪಠ್ಯಪುಸ್ತಕಗಳೂ ಬಹುಕಾಲ ಹಾಗೇ ಬರೆದವು. ದ್ರವದ ಚಲನೆಯನ್ನು ಈ ಒತ್ತಡ ಮತ್ತು ಸೆಳೆತಗಳ ಸಮತೋಲ ನಿರ್ಧರಿಸುತ್ತದೆ ಎಂದು ಇಂಗ್ಲಿಷ್ ಶರೀರಕ್ರಿಯಾ ವಿಜ್ಞಾನಿ ಸ್ಟಾರ್ಲಿಂಗ್ 1896ರಲ್ಲಿ ಹೇಳಿದ ತತ್ವ ಈಗಲೂ ಗಟ್ಟಿ, ಚಿತ್ರ ಮಾತ್ರ ಬದಲಾಗಿದೆ. ನಾಳದ ಒಳಮೈಗೆ ಗ್ಲೈಕೋಕ್ಯಾಲಿಕ್ಸ್ ಎಂಬ ಸಕ್ಕರೆ-ಪ್ರೋಟೀನಿನ ಲೇಪವಿದೆ. ಪ್ರೋಟೀನಿನ ಸೆಳೆತ ಕೆಲಸ ಮಾಡುವುದು ಆ ಲೇಪದ ಎರಡು ಬದಿಗಳ ನಡುವೆ. ದ್ರವ ಒಳಬರತೊಡಗಿದರೆ ಲೇಪದ ಹೊರಬದಿಯಲ್ಲೂ ಪ್ರೋಟೀನ್ ಕೂಡಿ ಸೆಳೆತ ತಗ್ಗುತ್ತದೆ. ಹಾಗಾಗಿ ಬಹುಪಾಲು ಅಂಗಾಂಶಗಳಲ್ಲಿ ದ್ರವ ಉದ್ದಕ್ಕೂ ತುಸುತುಸುವೇ ಸೋಸಿ ಹೊರಬೀಳುತ್ತದೆ, ಅದು ರಕ್ತಕ್ಕೆ ಮರಳುವುದು ಅಂಗಾಂಶದ ಹೆಚ್ಚುವರಿ ದ್ರವವನ್ನು ಒಯ್ಯುವ ದುಗ್ಧನಾಳಗಳ ಮೂಲಕ. ಕರುಳು, ಮೂತ್ರಪಿಂಡಗಳ ಮಾತು ಬೇರೆ. ಅಲ್ಲಿನ ಕೆಲವು ಲೋಮನಾಳಗಳಲ್ಲಿ ಒಳಹೀರಿಕೆ ನಿರಂತರ.

ಊತದ ಪ್ಯಾರಾ ತೀರಾ ಬಡವಾಗಿದೆ. ‘ನೀರು ತುಂಬಿಕೊಳ್ಳುತ್ತದೆ’ ಎಂದರೆ ಸಾಲದು. ಹೃದಯ ಸೋತಾಗ ಸಿರೆಯ ಒತ್ತಡ ಏರುತ್ತದೆ. ಯಕೃತ್ತು ಕೆಟ್ಟರೆ ಆಲ್ಬುಮಿನ್ ಇಳಿಯುತ್ತದೆ. ಜೇನು ಕುಟುಕಿದ ಜಾಗದಲ್ಲಿ ಗೋಡೆಯ ಕೋಶಗಳ ನಡುವಿನ ಸಂದು ಅಗಲವಾಗಿ ಪ್ರೋಟೀನೂ ಸೋರುತ್ತದೆ. ಆನೆಕಾಲು ರೋಗದಲ್ಲಿ ಕೆಡುವುದು ದುಗ್ಧನಾಳ. ಕಣ್ಣಿಗೆ ಕಾಣುವ ಊತ ಒಂದೇ; ಎಡವಿದ್ದು ಎಲ್ಲಿ ಎಂಬುದನ್ನು ನೀವು ಹೇಳಬೇಕು.

ಲೇಖನದ ಜೊತೆಗಿನ ಚಿತ್ರವನ್ನೂ ತಿದ್ದಿ: ಸಿರೆಯ ತುದಿಯಲ್ಲಿ ಒಳಮುಖವಾಗಿರುವ ದಪ್ಪ ಬಾಣ ಅಳಿಸಿ, ಪಕ್ಕದಲ್ಲೊಂದು ದುಗ್ಧನಾಳ ಬರೆಯಿರಿ.