ಹೊಡೆತಕ್ಕೆ ಕಾರಣ ಹುಡುಕಿಕೊಡಬೇಡ

ಪ್ರೀತಿಯ ತಮ್ಮನಿಗೆ,

ನಿನ್ನ ಕಥೆ ಓದಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಿಸಿ, ಹೊಗೆ, ಕೂಲಿಯ ಲೆಕ್ಕ ಎಲ್ಲ ಗಟ್ಟಿಯಾಗಿ ಬಂದಿದೆ. ನನ್ನ ತಕರಾರು ಸಾರು ಸಪ್ಪೆಯಾಯಿತೆಂದು ಬಸಣ್ಣ ಹೆಂಡತಿಗೆ ಬಾರಿಸುವ ಭಾಗದ ಮೇಲೆ. ಪೆಟ್ಟು ಬಿದ್ದ ಕೂಡಲೇ ನೀನು ಅವನ ಸಾಲ, ಕುಡಿತ, ಅವಮಾನಗಳನ್ನು ಹೇಳಲು ಶುರುಮಾಡುತ್ತೀಯ. ಅವಳು ಎರಡೇ ಸಾಲಿನಲ್ಲಿ ಎದ್ದು ಅವನಿಗೆ ಊಟಕ್ಕಿಡುತ್ತಾಳೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಜನರಿಗೆ ಒಂದು ಪ್ರಶ್ನೆ ಕೇಳುತ್ತಾರೆ: ಗಂಡ ಹೊಡೆಯುವುದು ಯಾವಾಗ ಸರಿ? ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಿಲ್ಲದಿದ್ದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಒಟ್ಟು 7 ಸಂದರ್ಭ. ನಮ್ಮ ಧಾರಾವಾಹಿಗಳಲ್ಲಿ ಕೆನ್ನೆಗೆ ಬೀಳುವುದೂ ಇವೇ ಸಂದರ್ಭಗಳಲ್ಲಿ. 2019–21ರ ಆ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿ ಗಂಡನ ಹಿಂಸೆ ಉಂಡಿದ್ದಾಗಿ ಹೇಳಿದ್ದಾರೆ. ಅವರಲ್ಲಿ ಯಾರಾದರೂ ನಿನ್ನ ಕಥೆ ಓದಿದರೆ, ತಪ್ಪು ಸಾರಿನದೇ ಎಂದು ಇನ್ನೊಮ್ಮೆ ನಂಬಿಯಾಳು.

ಕುಡಿತವನ್ನು ಕಾರಣ ಮಾಡಬೇಡ. ಬಸಣ್ಣ ಕುಡಿದಾಗಲೂ ಭಟ್ಟಿ ಮಾಲೀಕನ ಮೇಲೆ ಕೈ ಎತ್ತುವುದಿಲ್ಲ. ಆ ಎಚ್ಚರವನ್ನು ಬರೆ. ಪೆಟ್ಟಿನ ನಂತರದ ಒಂದು ಗಂಟೆಯನ್ನು ಬರೆ. ಪಕ್ಕದ ಮನೆಯವರು ಟಿವಿ ಸದ್ದು ಹೆಚ್ಚಿಸಿದ್ದು, ಮಗು ಯಾವ ಮೂಲೆಗೆ ಸರಿಯಿತು, ಊದಿದ ಮುಖ ಹೊತ್ತು ನಾಳೆ ಕೆಲಸಕ್ಕೆ ಹೋಗಲಾಗದೆ ತಪ್ಪುವ ಕೂಲಿ, ಪಾಸ್‌ಬುಕ್ ಯಾರ ಹತ್ತಿರ ಇದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ನೆರೆಯವಳ ಬಾಯಲ್ಲಿ ಹೇಳಿಸಿದ್ದೀಯ. ಇರಲಿ, ಜನ ಹಾಗೇ ಅನ್ನುತ್ತಾರೆ. ಆದರೆ ಕಥೆ ಆ ಮಾತಿಗೆ ತಲೆಯಾಡಿಸಬಾರದು.

ಪತ್ರಿಕೆಗೂ ವರದಿ ಬರೆಯುತ್ತೀಯಲ್ಲ, ಅಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ‘ಶೀಲ ಶಂಕಿಸಿ ಪತ್ನಿ ಹತ್ಯೆ’ ಎಂಬ ತಲೆಬರಹದ ಆ ಕಾರಣ ಸಾಮಾನ್ಯವಾಗಿ ಬರುವುದು ಆರೋಪಿಯ ಹೇಳಿಕೆಯಿಂದ. ಸತ್ತವಳು ಎದ್ದು ಉತ್ತರ ಕೊಡಲಾರಳು. ‘ಪತ್ನಿಯ ಹತ್ಯೆ: ಪತಿ ಬಂಧನ’ ಎಂದಿಷ್ಟೇ ಬರೆ. ಹಿಂದೆ ದೂರು ಕೊಟ್ಟಿದ್ದಳೇ, ಯಾವ ಠಾಣೆಯಲ್ಲಿ, ‘ಹೊಂದಿಕೊಂಡು ಹೋಗಮ್ಮ’ ಎಂದು ರಾಜಿ ಮಾಡಿ ಕಳಿಸಿದ್ದರೇ, ವಿಚಾರಿಸು. ಮದುವೆ ಫೋಟೊ ಹಾಕಿಸಬೇಡ. ಕೊನೆಗೆ ಮಹಿಳಾ ಸಹಾಯವಾಣಿ 181 ಇರಲಿ.

ಕಥೆಯ ಕೊನೆಯಲ್ಲಿ ಅವಳನ್ನು ಬೆಂಗಳೂರು ಬಸ್ಸು ಹತ್ತಿಸಿದ್ದೀಯ. ಬಿಟ್ಟು ಹೊರಡುವ ಹೊತ್ತಲ್ಲೇ ಜೀವಕ್ಕೆ ಅಪಾಯ ಹೆಚ್ಚು, ನಿನ್ನ ಕಥೆಗೆ ಅದು ಗೊತ್ತೇ ಇಲ್ಲ. ಅವಳು ಹೋಗಲೇಬೇಕೆಂದೂ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಂ ಪ್ರಕಾರ, ಮನೆ ಯಾರ ಹೆಸರಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಅವರೇ ಈ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ನೆರವಾಗುವ ಸಂರಕ್ಷಣಾಧಿಕಾರಿ. ನೆರೆಯವಳೂ ಅವರಿಗೆ ಸುದ್ದಿ ಮುಟ್ಟಿಸಬಹುದು. ಆ ಕಚೇರಿಗೆ ಹೋಗಿ ಕೌಟುಂಬಿಕ ಘಟನಾ ವರದಿಯ ನಮೂನೆ ಕೇಳಿ ಪಡೆದು ಓದು. ಅದರಲ್ಲಿ ಹಿಂಸೆ ನಡೆದ ದಿನ, ಜಾಗ, ಹೊತ್ತು ಬರೆಯಬೇಕು. ಕೂಲಿ ಕಿತ್ತುಕೊಂಡದ್ದಕ್ಕೂ, ಮನೆಖರ್ಚಿಗೆ ದುಡ್ಡು ಕೊಡದ್ದಕ್ಕೂ ಬೇರೆ ಬೇರೆ ಸಾಲಿದೆ. ಅವಳು ಆ ಸಾಲುಗಳನ್ನು ಒಂದೊಂದಾಗಿ ತುಂಬಿಸುವ ದೃಶ್ಯ ಬರೆ. ಕೊನೆ ಅಲ್ಲಿ ಸಿಗುತ್ತದೆ.