ವಾಲ್ವಿನ ಮೇಲಿನ ಎರಡು ಮಿಲಿಮೀಟರ್: ಉತ್ತರ ಕನ್ನಡದ ಸಂಸದರಿಗೆ ಪುಣೆಯಿಂದ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಕ್ಷೇತ್ರದ ಲೋಕಸಭಾ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನನ್ನೂರು ಮಲ್ಲಾಪುರದ ಹತ್ತಿರ, ಕಾಳಿ ನದಿಯ ದಂಡೆ. ಇಪ್ಪತ್ತಾರು ವರ್ಷಗಳಿಂದ ಹೊಟ್ಟೆಪಾಡು ಮಾತ್ರ ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ. ನನ್ನ ಮತವೂ ಈಗ ಇಲ್ಲಿಯದೇ. ಆದರೂ ನಿಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಕೈಗಾ ಪರಮಾಣು ವಿದ್ಯುತ್ ಸ್ಥಾವರದ 5 ಮತ್ತು 6ನೇ ಘಟಕಗಳು ಎದ್ದು ನಿಲ್ಲುವುದು ನಿಮ್ಮ ಕ್ಷೇತ್ರದಲ್ಲಿ. ತಲಾ 700 ಮೆಗಾವಾಟ್. ಈಗಿರುವ ನಾಲ್ಕು ಘಟಕಗಳು ತಲಾ 220. ಹೊಸ ಘಟಕಗಳೊಳಗೆ ಏನು ಕೂರಬೇಕು ಎಂಬ ವಿಷಯದಲ್ಲಿ ಒಂದು ಪ್ರಶ್ನೆ ಕೇಳಲು ಇದೇ ಸರಿಯಾದ ಹೊತ್ತು.

ನನ್ನದು ಹಾರ್ಡ್‌ಫೇಸಿಂಗ್ ವರ್ಕ್‌ಶಾಪು. ವಾಲ್ವಿನ ಸೀಟು, ಡಿಸ್ಕು, ಪಂಪಿನ ಸ್ಲೀವು ಇಂಥವು ಬರುತ್ತವೆ. ಒಂದರ ಮೇಲೊಂದು ಉಜ್ಜುವ ಜಾಗಕ್ಕೆ ಗಟ್ಟಿ ಲೋಹದ ಪದರ ಹಾಕಿ ಕೊಡುತ್ತೇವೆ. ಗ್ರೈಂಡಿಂಗ್ ಆದ ಮೇಲೆ ಉಳಿಯುವುದು ಎರಡು ಮಿಲಿಮೀಟರ್ ಆಸುಪಾಸು. ಇಂಡಿ, ಜತ್ತ, ಅಕ್ಕಲಕೋಟೆ ಕಡೆಯ ಎಂಟು ಹುಡುಗರು ನನ್ನ ಜೊತೆ ಇದ್ದಾರೆ; ಶಾಪಿನಲ್ಲಿ ದಿನವಿಡೀ ಕನ್ನಡವೇ.

ಆ ಪದರಕ್ಕೆ ನಾವು ಹೆಚ್ಚಾಗಿ ಬಳಸುವುದು ಸ್ಟೆಲೈಟ್ 6. ಅದರಲ್ಲಿ ಸುಮಾರು ಶೇ. 60ರಷ್ಟು ಕೋಬಾಲ್ಟ್, ಉಳಿದದ್ದರಲ್ಲಿ ಬಹುಪಾಲು ಕ್ರೋಮಿಯಂ, ಸ್ವಲ್ಪ ಟಂಗ್‌ಸ್ಟನ್, ಕಾರ್ಬನ್. ಬಹಳ ಒಳ್ಳೆಯ ಮಾಲು. ಬಿಸಿನೀರಲ್ಲಿ, ಒತ್ತಡದಲ್ಲಿ, ಎಣ್ಣೆಯ ಹನಿಯೂ ಇಲ್ಲದೆ ಲೋಹಕ್ಕೆ ಲೋಹ ಉಜ್ಜಿದರೂ ಕಚ್ಚಿಕೊಳ್ಳುವುದಿಲ್ಲ. ಸಕ್ಕರೆ ಕಾರ್ಖಾನೆಗೆ, ಕಲ್ಲಿದ್ದಲಿನ ಸ್ಥಾವರಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಪರಮಾಣು ಸ್ಥಾವರದ ಮಾತು ಬೇರೆ. ಅದು ನನ್ನ ತಲೆಗೆ ಹೊಕ್ಕಿದ್ದು ನನ್ನ ಅಕ್ಕನ ಮಗನಿಂದ.

ಅವನು ಗುತ್ತಿಗೆದಾರನ ಕೈಕೆಳಗೆ ಊರೂರು ತಿರುಗಿ ಶಟ್‌ಡೌನ್ ಕೆಲಸ, ಅಂದರೆ ಸ್ಥಾವರ ನಿಲ್ಲಿಸಿದಾಗಿನ ರಿಪೇರಿ, ಮಾಡುತ್ತಾನೆ. ಪರಮಾಣು ಸ್ಥಾವರವೊಂದರಲ್ಲಿ ವಾಲ್ವು ಬಿಚ್ಚುವ ಕೆಲಸ ಮುಗಿಸಿಕೊಂಡು ಒಂದು ದೀಪಾವಳಿಗೆ ಪುಣೆಗೆ ಬಂದಿದ್ದ. ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜು ಸಿಕ್ಕಿಸಿಕೊಂಡು ಒಳಗೆ ಹೋಗುವುದು, ಲೆಕ್ಕ ಹಾಕಿ ಕೊಟ್ಟ ನಿಮಿಷ ಮುಗಿದ ಕೂಡಲೇ ಸ್ಪ್ಯಾನರ್ ಅಲ್ಲೇ ಬಿಟ್ಟು ಹೊರಬರುವುದು, ಮಿಕ್ಕ ಬೋಲ್ಟನ್ನು ಇನ್ನೊಬ್ಬ ಹೋಗಿ ಬಿಚ್ಚುವುದು, ಎಲ್ಲ ಹೇಳಿದ. ಆಮೇಲೆ ಕೇಳಿದ: "ಮಾಮಾ, ಯುರೇನಿಯಂ ಕೊಳವೆಯೊಳಗೆ ಭದ್ರವಾಗಿ ಇರ್ತದಲ್ಲ. ಬರೀ ನೀರು ಹರಿಯೋ ಪೈಪಿಗೆ ಅಷ್ಟು ವಿಕಿರಣ ಎಲ್ಲಿಂದ ಬಂತು?"

ಬಹುಪಾಲು ಉತ್ತರ ನನ್ನ ಶಾಪಿನ ಕಪಾಟಿನಲ್ಲೇ ಇತ್ತು. ವಾಲ್ವು ತೆರೆದು ಮುಚ್ಚುವಾಗಲೆಲ್ಲ ಆ ಪದರ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ. ಆ ಪುಡಿ ನೀರಿನ ಜೊತೆ ರಿಯಾಕ್ಟರಿನ ಗರ್ಭಕ್ಕೆ ಹೋಗುತ್ತದೆ. ಭೂಮಿಯಿಂದ ಅಗೆದ ಕೋಬಾಲ್ಟ್ ಎಲ್ಲವೂ ಕೋಬಾಲ್ಟ್-59. ರಿಯಾಕ್ಟರಿನೊಳಗೆ ಅದು ಒಂದು ನ್ಯೂಟ್ರಾನ್ (ಯುರೇನಿಯಂ ಪರಮಾಣು ಒಡೆದಾಗ ಸಿಡಿಯುವ ಕಣ) ನುಂಗಿದರೆ ವಿಕಿರಣ ಸೂಸುವ ಕೋಬಾಲ್ಟ್-60 ಆಗುತ್ತದೆ. ಮತ್ತೆ ಹೊರಗೆ ಹರಿದು ಬಂದು ಪೈಪಿನ ಮೂಲೆಯಲ್ಲಿ, ಪಂಪಿನ ಹೊಟ್ಟೆಯಲ್ಲಿ, ಅದೇ ವಾಲ್ವಿನ ಒಳಗೋಡೆಯಲ್ಲಿ ಅಂಟಿ ಕೂರುತ್ತದೆ. ಅದರ ಗಾಮಾ ಕಿರಣ ಉಕ್ಕನ್ನು ದಾಟಿ ಬರುವಷ್ಟು ಬಲವಾದದ್ದು. ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 5.27 ವರ್ಷ. ಹತ್ತರಲ್ಲಿ ಒಂದು ಪಾಲಿಗೆ ಇಳಿಯಲು ಹದಿನೇಳು ವರ್ಷಕ್ಕೂ ಹೆಚ್ಚು ಕಾಯಬೇಕು. ಅಷ್ಟರಲ್ಲಿ ಎಷ್ಟು ಶಟ್‌ಡೌನು ಬಂದು ಹೋಗುತ್ತವೆ, ಎಷ್ಟು ಹುಡುಗರು ಸ್ಪ್ಯಾನರ್ ಹಿಡಿದು ಒಳಗೆ ಹೋಗಿ ಬರುತ್ತಾರೆ, ನೀವೇ ಲೆಕ್ಕ ಹಾಕಿ.

ಇದೇ ಕೋಬಾಲ್ಟ್-60 ಲಾಸಲಗಾಂವ್‌ನಲ್ಲಿ ಈರುಳ್ಳಿ ಮೊಳಕೆ ಬಾರದಂತೆ ನೋಡಿಕೊಳ್ಳುತ್ತದೆ, ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಗಡ್ಡೆ ಸುಡುತ್ತದೆ. ಬೇಕೆಂದೇ ತಯಾರಿಸಿ ದಪ್ಪ ರಕ್ಷಣೆಯ ಹಿಂದೆ ಇಟ್ಟಾಗ ಅದು ಉಪಕಾರಿಯೇ. ನಾನು ಹೇಳುತ್ತಿರುವುದು ಯಾರಿಗೂ ಬೇಡವಾಗಿ ಪೈಪಿನೊಳಗೆ ಹುಟ್ಟುವ ಕೋಬಾಲ್ಟಿನ ಬಗ್ಗೆ.

ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಡೋಸು ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30ಕ್ಕಿಂತ ಹೆಚ್ಚಿಲ್ಲ ಎಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮಿತಿ ಹಾಕಿದೆ. ಮಿತಿ ಮೀರುತ್ತಿದ್ದಾರೆ ಎಂದು ನಾನು ದೂರುತ್ತಿಲ್ಲ. ಮಿತಿಯೊಳಗಿದ್ದರೂ, ತಪ್ಪಿಸಬಹುದಾದ ಡೋಸು ತಪ್ಪಿಸಲೇಬೇಕು ಎನ್ನುವುದು ಈ ಕ್ಷೇತ್ರದವರೇ ಒಪ್ಪಿಕೊಂಡ ನಿಯಮ. ಪದರದ ಲೋಹ ಬದಲಿಸುವುದು ಹಾಗೆ ತಪ್ಪಿಸುವ ದಾರಿಗಳಲ್ಲಿ ಒಂದು.

ಬದಲಿ ನಮ್ಮ ದೇಶದಲ್ಲೇ ಆಗಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದವರು ತಾವು ವಿನ್ಯಾಸ ಮಾಡಿದ 500 ಮೆಗಾವಾಟಿನ ಫಾಸ್ಟ್ ಬ್ರೀಡರ್ ರಿಯಾಕ್ಟರಿಗೆ (ಸುಡುವುದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ಬಗೆಯದು) ಸ್ಟೆಲೈಟ್ ಬಿಟ್ಟು ಕೋಲ್ಮೊನಾಯ್ ಎಂಬ ನಿಕಲ್ ಆಧಾರದ ಲೋಹ ಆರಿಸಿಕೊಂಡರು. ಕಾರಣ ಇದೇ, ರಿಪೇರಿಗೆ ಹೋಗುವವರ ಮೈಗೆ ಬೀಳುವ ಡೋಸು. ಅಮೆರಿಕದ ಎಲೆಕ್ಟ್ರಿಕ್ ಪವರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ನೀರಿನ ರಿಯಾಕ್ಟರುಗಳ ವಾಲ್ವಿಗೆಂದೇ ನಾರೆಮ್ ಎಂಬ ಕಬ್ಬಿಣ ಆಧಾರದ ಲೋಹ ತಯಾರಿಸಿದೆ.

ಸುಲಭದ ಕೆಲಸ ಎಂದು ಹೇಳಿದರೆ ಮೋಸವಾದೀತು. ಮೂರು ವರ್ಷದ ಹಿಂದೆ ನಾವೇ ನಿಕಲ್ ಪುಡಿ ತಂದು ಸ್ಟೇನ್‌ಲೆಸ್ ರಿಂಗುಗಳ ಮೇಲೆ ಹಾಕಿ ನೋಡಿದೆವು. ಮೊದಲ ರಿಂಗಿಗೆ ಬಿರುಕು ಹುಡುಕುವ ಕೆಂಪು ಬಣ್ಣದ ಡಿಪಿ ಟೆಸ್ಟ್ ಮಾಡಿದಾಗ ಬಿಳಿ ಡೆವಲಪರ್ ಮೇಲೆ ಕೆಂಪು ಗೆರೆ ಕೂದಲೆಳೆಯ ಹಾಗೆ ಮೂಡಿತು, ನಾಲ್ಕು ಕಡೆ. ಈ ಲೋಹಕ್ಕೆ ರಿಂಗನ್ನು ಮೊದಲೇ ಚೆನ್ನಾಗಿ ಕಾಯಿಸಬೇಕು. ಪದರ ಹಾಕಿ ಮುಗಿಸಿದ ಮೇಲೆ ವರ್ಮಿಕ್ಯುಲೈಟ್ ಪುಡಿಯಲ್ಲಿ ಹೂತು ಬೆಳಗಿನತನಕ ಆರಲು ಬಿಡಬೇಕು. ಟಿಗ್ ವೆಲ್ಡಿಂಗಿನಲ್ಲಿ ಕೆಳಗಿನ ಸ್ಟೇನ್‌ಲೆಸ್ ಕರಗಿ ಮೇಲಕ್ಕೆ ಬೆರೆತು ಗಟ್ಟಿತನ ಕಡಿಮೆಯಾಗುತ್ತದೆ, ಅದಕ್ಕೆ ಪ್ಲಾಸ್ಮಾ ಆರ್ಕ್ ಯಂತ್ರವೇ ಆಗಬೇಕು. ಏಳನೇ ರಿಂಗು ಸ್ವಚ್ಛ ಬಂತು. ಅಕ್ಕಲಕೋಟೆಯ ಹುಡುಗ ಲೆನ್ಸ್ ಹಿಡಿದು ಸುತ್ತ ಮೂರು ಸಲ ನೋಡಿ, "ಅಣ್ಣಾ, ಒಂದ್ ಗೆರೀನೂ ಇಲ್ಲ" ಅಂದ. ಆ ರಿಂಗು ಈಗಲೂ ನನ್ನ ಮೇಜಿನ ಮೇಲಿದೆ.

ನಿಕಲ್ಲೂ ಪೂರ್ತಿ ನಿರ್ದೋಷಿಯೇನಲ್ಲ. ರಿಯಾಕ್ಟರಿನಲ್ಲಿ ಅದರಿಂದ ಕೋಬಾಲ್ಟ್-58 ಹುಟ್ಟುತ್ತದೆ. ಆದರೆ ಅದರ ಅರ್ಧಾಯುಷ್ಯ 71 ದಿನ. ಕಬ್ಬಿಣದ ಲೋಹಕ್ಕೆ ಬಿಸಿ ಹೆಚ್ಚಿದಂತೆ ಕಚ್ಚಿಕೊಳ್ಳುವ ದೋಷವಿದೆ. ಹಾಗಾಗಿ ಎಲ್ಲ ಕಡೆ ಸ್ಟೆಲೈಟ್ ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಎಲ್ಲಿ ತೆಗೆಯಬಹುದೋ ಅಲ್ಲಿ ಯಾಕೆ ಉಳಿಸಬೇಕು ಎಂದು ಕೇಳುತ್ತೇನೆ.

ಆ ಏಳನೇ ರಿಂಗನ್ನು ವಾಲ್ವು ತಯಾರಿಸುವ ಒಂದು ಕಂಪನಿಗೆ ಹಿಡಿದುಕೊಂಡು ಹೋಗಿದ್ದೆ. ಅಲ್ಲಿಯವರು ನೋಡಿದರು, ಮೆಚ್ಚಿದರು, ವಾಪಸ್ ಕೊಟ್ಟರು. ಡ್ರಾಯಿಂಗಿನಲ್ಲಿ ಸ್ಟೆಲೈಟ್ ಎಂದಿದೆ, ಅದನ್ನು ಬದಲಿಸಲು ಸಹಿ ಹಾಕುವವರು ಯಾರು, ಟೆಸ್ಟಿನ ಖರ್ಚು ಕೊಡುವವರು ಯಾರು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಖರೀದಿ ಮಾಡುವವರು ಕೇಳದೆ ಮಾರುವವರು ಬದಲಾಗುವುದಿಲ್ಲ.

2025ರ ಬಜೆಟ್ಟಿನಲ್ಲಿ 2047ಕ್ಕೆ 100 ಗಿಗಾವಾಟ್ ಪರಮಾಣು ವಿದ್ಯುತ್ತಿನ ಗುರಿ ಇಟ್ಟರು, ಸಣ್ಣ ರಿಯಾಕ್ಟರುಗಳ ಸಂಶೋಧನೆ, ಅಭಿವೃದ್ಧಿಗೆ 20,000 ಕೋಟಿ ರೂಪಾಯಿ ಘೋಷಿಸಿದರು. ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದ ದುರಂತದ ನಂತರ ಇಂಧನದ ಜಿರ್ಕೋನಿಯಂ ಕೊಳವೆಗೆ ಕ್ರೋಮಿಯಂ ಲೇಪ ಹಾಕುವ ಸಂಶೋಧನೆ ಜಗತ್ತಿನ ತುಂಬ ನಡೆದಿದೆ. ಅದೂ ಬೇಕು. ಆದರೆ ವಾಲ್ವಿನ ಪದರಕ್ಕೆ ಹೊಸ ಶೋಧವೇ ಬೇಕಿಲ್ಲ. ಟೆಂಡರಿನಲ್ಲಿ ಒಂದು ಸಾಲು, ಅದರ ಹಿಂದೆ ಟೆಸ್ಟಿನ ದುಡ್ಡು, ಇಷ್ಟು ಸಾಕು.

ಆದ್ದರಿಂದ ನನ್ನ ವಿನಂತಿ: ಬರುವ ಅಧಿವೇಶನದಲ್ಲಿ ಪರಮಾಣು ಶಕ್ತಿ ಇಲಾಖೆಗೆ ಲಿಖಿತ ಪ್ರಶ್ನೆ ಹಾಕಿ. ಕೈಗಾ 5 ಮತ್ತು 6ರಲ್ಲಿ ರಿಯಾಕ್ಟರಿನ ನೀರು ತಾಗುವ ಎಷ್ಟು ವಾಲ್ವುಗಳಿಗೆ, ಪಂಪುಗಳಿಗೆ ಕೋಬಾಲ್ಟ್ ಪದರ ಇರಲಿದೆ? ಎಷ್ಟಕ್ಕೆ ಬದಲಿ ಪರಿಶೀಲಿಸಿದ್ದಾರೆ, ಪರಿಶೀಲಿಸಿಲ್ಲವಾದರೆ ಕಾರಣವೇನು? ಬದಲಿ ಪದರದ ಪರೀಕ್ಷೆಯ ಖರ್ಚನ್ನು ಇಲಾಖೆಯೇ ಹೊತ್ತು ಸಣ್ಣ ಶಾಪುಗಳಿಗೂ ಅವಕಾಶ ಕೊಡುತ್ತದೆಯೇ? ಈ ಉತ್ತರ ವಾಲ್ವಿನ ಆರ್ಡರು ಹೊರಡುವ ಮೊದಲು ಸಿಗಬೇಕು. ವಾಲ್ವು ಕೂತು, ನೀರು ಹರಿದು, ರಿಯಾಕ್ಟರ್ ಶುರುವಾದ ಮೇಲೆ ಕೋಬಾಲ್ಟನ್ನು ಹೊರತೆಗೆಯುವುದು ಎಷ್ಟು ಕಷ್ಟ ಎಂದು ಆ ಕೆಲಸ ಮಾಡಿದವರನ್ನು ಕೇಳಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಕೈಗಾಕ್ಕೆ ನೆಲ ಕೊಟ್ಟ ಊರುಗಳ ಮಕ್ಕಳಿಗೆ ಅಗೆಯುವ, ಹೊರುವ ಕೆಲಸದಾಚೆ ಏನಾದರೂ ಸಿಗಬೇಕಾದರೆ ಕಾರವಾರದಲ್ಲೇ ಪ್ಲಾಸ್ಮಾ ಆರ್ಕ್ ಹಾರ್ಡ್‌ಫೇಸಿಂಗ್ ಕಲಿಸಿ. ಯಂತ್ರ ಕೂರಿಸಿ ಕೊಟ್ಟರೆ ವರ್ಷಕ್ಕೆ ಒಂದು ತಿಂಗಳು ನಾನೇ ಬಂದು ಕಲಿಸುತ್ತೇನೆ, ಸಂಬಳ ಬೇಡ.

ಪ್ರಶ್ನೆಗೆ ಬೇಕಾದ ತಾಂತ್ರಿಕ ವಿವರವನ್ನು ಎರಡು ಪುಟದಲ್ಲಿ ಬರೆದು ನಿಮ್ಮ ಕಾರವಾರದ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅದರ ಜೊತೆ ಆ ಏಳನೇ ರಿಂಗಿನಿಂದ ಕತ್ತರಿಸಿದ ಒಂದು ತುಂಡೂ ಇದೆ. ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಲೋಹ ಸೇರಿದ ಗೆರೆ ಬರಿಗಣ್ಣಿಗೇ ಕಾಣುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಮಲ್ಲಾಪುರ ಕಡೆಯವನೊಬ್ಬ,
ಹಾರ್ಡ್‌ಫೇಸಿಂಗ್ ಕೆಲಸಗಾರ, ಭೋಸರಿ, ಪುಣೆ